ಭಾನುವಾರದ ತೀರ್ಮಾನ ಶನಿವಾರವೇ ಆಗಲಿ: ಸಭೆಯಲ್ಲಿ ಬೇರೂರುವುದು ಹೇಗೆ

ಭಾನುವಾರ ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿಕೊಂಡು "ಇವತ್ತು ಚರ್ಚಿಗೆ ಹೋಗಲಾ, ಬೇಡವಾ" ಎಂದು ಯೋಚಿಸುವವರು ಸಾಮಾನ್ಯವಾಗಿ ಹೋಗುವುದಿಲ್ಲ. ಹೋಗುವವರು ಶನಿವಾರ ರಾತ್ರಿಯೇ ತೀರ್ಮಾನ ಮಾಡಿರುತ್ತಾರೆ. ಬಟ್ಟೆ ತೆಗೆದಿಟ್ಟಿರುತ್ತಾರೆ, ಅಲಾರಾಂ ಇಟ್ಟಿರುತ್ತಾರೆ, "ನಾಳೆ ಬರ್ತೀನಿ, ಸಿಗೋಣ" ಎಂದು ಯಾರಿಗಾದರೂ ಒಂದು ಮೆಸೇಜ್ ಹಾಕಿರುತ್ತಾರೆ. ನಂಬಿಕೆ ಜಾಸ್ತಿ ಇದ್ದವರು ತಪ್ಪದೆ ಬರುತ್ತಾರೆ, ಕಡಿಮೆ ಇದ್ದವರು ತಪ್ಪಿಸಿಕೊಳ್ಳುತ್ತಾರೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ವ್ಯತ್ಯಾಸ ಇರುವುದು ಆ ಶನಿವಾರ ರಾತ್ರಿಯಲ್ಲಿ.

ನಾನು ನರ್ಸ್. ನಮ್ಮ ಸಭೆಯ, ಅಂದರೆ ಚರ್ಚಿನ, ಯೌವನಸ್ಥರ ಕೂಟವನ್ನೂ ನೋಡಿಕೊಳ್ಳುತ್ತೇನೆ. ಶಿಫ್ಟ್ ಡ್ಯೂಟಿ ಇರುವುದರಿಂದ ಎಷ್ಟೋ ಭಾನುವಾರ ಆರಾಧನೆಯ ಹೊತ್ತಿಗೆ ನಾನು ವಾರ್ಡಿನಲ್ಲಿರುತ್ತೇನೆ. ಹಾಗಾಗಿ "ಒಂದು ವಾರವೂ ತಪ್ಪಿಸಬೇಡಿ" ಎಂದು ಬೆರಳು ತೋರಿಸಿ ಹೇಳುವುದು ನನ್ನಿಂದಾಗದು. ಆದರೆ ಬಿಡುವಿಲ್ಲದ ಬದುಕಿನಲ್ಲೂ ಸಭೆಯ ಜೊತೆ ಅಂಟಿಕೊಂಡಿರುವುದು ಹೇಗೆ ಎಂಬುದು ಅಷ್ಟಿಷ್ಟು ಗೊತ್ತು. ಅದನ್ನೇ ಬರೆಯುತ್ತಿದ್ದೇನೆ.

ಮನೆಯಲ್ಲೇ ಓದಿದರೆ ಸಾಲದೇ?

"ಅಕ್ಕಾ, ಮನೆಯಲ್ಲೇ ಬೈಬಲ್ ಓದಿ ಪ್ರಾರ್ಥನೆ ಮಾಡಿದರೆ ಸಾಲದಾ?" ಕೂಟಕ್ಕೆ ಹೊಸದಾಗಿ ಬಂದವರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಹಿರಿಯರು ತಕ್ಷಣ ತೆಗೆಯುವ ವಚನ ಇಬ್ರಿಯರಿಗೆ ಬರೆದ ಪತ್ರಿಕೆ 10:25. ಸಭೆಯಾಗಿ ಕೂಡುವುದನ್ನು ಬಿಡಬಾರದು ಎಂಬ ಮಾತು. ಅದನ್ನು ಹಾಜರಿ ಪುಸ್ತಕದ ಹಾಗೆ ಮುಂದೆ ಹಿಡಿಯುವುದು ನನಗೆ ಇಷ್ಟವಾಗುವುದಿಲ್ಲ. ಯಾಕೆಂದರೆ ಅದರ ಹಿಂದಿನ ವಚನವನ್ನು ಓದದೆ ಬಿಟ್ಟುಬಿಡುತ್ತಾರೆ. 24ನೇ ವಚನ ಹೇಳುವುದು ಏನು ಗೊತ್ತಾ? ಪ್ರೀತಿಸುವುದಕ್ಕೂ ಒಳ್ಳೆಯ ಕೆಲಸ ಮಾಡುವುದಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸುವುದು ಹೇಗೆ ಎಂದು ಯೋಚಿಸಿರಿ ಅಂತ. ಎರಡನ್ನೂ ಕೂಡಿಸಿ ಓದಿ. ಸಭೆಗೆ ಹೋದರೆ ನನಗೇನು ಸಿಗುತ್ತದೆ ಎಂಬ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ಅಲ್ಲಿ ಯಾರಿಗೆ ನನ್ನ ಮಾತು ಬೇಕಾಗಿದೆ ಎಂಬ ಯೋಚನೆ ಇದೆ. ಇನ್ನೊಂದು ವಿಷಯ: ಕೆಲವರಿಗೆ ಆಗಲೇ ಬರದಿರುವ ರೂಢಿ ಇತ್ತು ಎಂದು ಅದೇ ವಚನ ಹೇಳುತ್ತದೆ. ಮೊಬೈಲ್ ಬರುವ ಮೊದಲೂ ಈ ಸಮಸ್ಯೆ ಇತ್ತು, ಅಲ್ವಾ?

ಒಬ್ಬರೇ ಕುಳಿತು ಮಾಡಲಾಗದ ಕೆಲಸಗಳು ಹೊಸ ಒಡಂಬಡಿಕೆಯಲ್ಲಿ ಎಷ್ಟಿವೆ ನೋಡಿ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಎನ್ನುತ್ತದೆ ಗಲಾತ್ಯ 6:2. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಂಡು ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎನ್ನುತ್ತದೆ ಯಾಕೋಬ 5:16. ರೂಮಿನ ಬಾಗಿಲು ಹಾಕಿಕೊಂಡು ಇದನ್ನು ಮಾಡುವುದು ಹೇಗೆ? ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸು ಹೇಳಿದ್ದು ನಿಜ. ಅದೇ ಯೇಸು ಸಬ್ಬತ್ ದಿನ (ಯೆಹೂದ್ಯರ ವಿಶ್ರಾಂತಿಯ ದಿನ) ವಾಡಿಕೆಯಂತೆ ಸಭಾಮಂದಿರಕ್ಕೆ ಹೋದನು ಎಂದು ಲೂಕ 4:16ರಲ್ಲಿದೆ. ವಾಡಿಕೆಯಂತೆ! ಅಲ್ಲಿನ ಪ್ರಸಂಗದಿಂದ ಆತನು ಹೊಸದಾಗಿ ಕಲಿಯಬೇಕಾದದ್ದು ಏನಿತ್ತು? ಆದರೂ ಹೋಗುತ್ತಿದ್ದನು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಕಥೆ ಯೇಸುವಿನ ಶಿಷ್ಯ ತೋಮನದು. ಸತ್ತವರೊಳಗಿಂದ ಎದ್ದು ಬಂದ ಯೇಸು ಭಾನುವಾರ ಸಂಜೆ ಶಿಷ್ಯರ ನಡುವೆ ನಿಂತಾಗ ತೋಮ ಅಲ್ಲಿರಲಿಲ್ಲ. ಎಲ್ಲಿದ್ದನೋ, ಯೋಹಾನ ಬರೆದಿಲ್ಲ. ಉಳಿದವರು ಹೇಳಿದರೆ ನಂಬಲೂ ಇಲ್ಲ. ಆದರೆ ಎಂಟು ದಿನವಾದ ಮೇಲೆ ಅದೇ ಗುಂಪಿನ ಜೊತೆ ಒಳಗಿದ್ದಾನೆ. ಸಂಶಯ ಹಾಗೇ ಇದೆ, ಆದರೂ ಬಂದು ಕೂತಿದ್ದಾನೆ. "ನಂಬಿಕೆ ಇಲ್ಲದವನು ನಮ್ಮ ನಡುವೆ ಯಾಕೆ" ಎಂದು ಯಾರೂ ಅವನನ್ನು ಹೊರಗೆ ಕಳಿಸಿಲ್ಲ. ಸಂಶಯ ತೀರಿದ ಮೇಲೆ ಸಭೆಗೆ ಬರುತ್ತೇನೆ ಎನ್ನುವ ಹುಡುಗ ಹುಡುಗಿಯರಿಗೆ ನಾನು ಯೋಹಾನ 20ನೇ ಅಧ್ಯಾಯ ಓದಿಸುತ್ತೇನೆ. ಸಂಶಯವನ್ನು ಜೇಬಿನಲ್ಲಿಟ್ಟುಕೊಂಡೇ ಬನ್ನಿ.

ಹೊಸ ಜಾಗಕ್ಕೆ ಹೋದಾಗ

ಓದಿಗೋ ಕೆಲಸಕ್ಕೋ ಮನೆ ಬಿಟ್ಟು ಹೊರಟಾಗ ಸಭೆಯ ನಂಟು ತಪ್ಪುವುದು ಜಾಸ್ತಿ. ಹೊಸ ಊರಿನಲ್ಲಿ ಮೊದಲ ತಿಂಗಳು ಭಾನುವಾರಗಳು ಹೇಗೆ ಕಳೆಯುತ್ತವೋ ಆಮೇಲೂ ಹಾಗೇ ಕಳೆಯುತ್ತವೆ. ಆದ್ದರಿಂದ ಹೊರಡುವ ಮೊದಲೇ ನಿಮ್ಮ ಪಾಸ್ಟರನ್ನು ಕೇಳಿ: "ಅಲ್ಲಿ ನಿಮಗೆ ಗೊತ್ತಿರುವ ಸಭೆ ಇದೆಯಾ? ಯಾರಿಗಾದರೂ ಒಂದು ಫೋನ್ ಮಾಡಿ ಹೇಳ್ತೀರಾ?" ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಫೊಯಿಬೆ ಎಂಬ ಸಹೋದರಿಯನ್ನು ಚೆನ್ನಾಗಿ ಸೇರಿಸಿಕೊಳ್ಳಿ ಎಂದು ಅಪೊಸ್ತಲ ಪೌಲನು ರೋಮಿನವರಿಗೆ ಬರೆದದ್ದು ಇಂಥದ್ದೇ ಮಾತು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯ ಶುರುವಾಗುವುದೇ ಅಲ್ಲಿಂದ.

ಸಭೆ ನೋಡುವಾಗ ಹಾಡು, ಲೈಟು, ಸೌಂಡಿಗೆ ಮೊದಲ ಅಂಕ ಕೊಡಬೇಡಿ. ನಾನು ನೋಡಲು ಹೇಳುವುದು ಇವನ್ನು. ಬೈಬಲ್ ತೆರೆದು, ಓದಿ, ವಿವರಿಸುತ್ತಾರಾ? ಅಥವಾ ಒಂದು ವಚನ ಓದಿ ಬೇರೆಲ್ಲೋ ಹೋಗುತ್ತಾರಾ? ಅಜ್ಜ ಅಜ್ಜಿಯರೂ ಚಿಕ್ಕ ಮಕ್ಕಳೂ ಇದ್ದಾರಾ? ಪ್ರಶ್ನೆ ಕೇಳಿದರೆ ಪಾಸ್ಟರ್ ಸಿಟ್ಟಾಗುತ್ತಾರಾ? ಕಾಣಿಕೆಯ ಲೆಕ್ಕವನ್ನು ಸಭೆಯ ಮುಂದೆ ಇಡುತ್ತಾರಾ? ಆರಾಧನೆ ಮುಗಿದ ಮೇಲೆ ಜನ ನಿಂತು ಮಾತಾಡುತ್ತಾರಾ, ಅಥವಾ ಕೊನೆಯ ಆಮೆನ್ ಆದ ಕೂಡಲೇ ಜಾಗ ಖಾಲಿಯಾ? ಕಡೆಯದಾಗಿ, ಅಲ್ಲಿಗೆ ಹೋಗಿ ಬರುವುದು ಸುಲಭವಾ? ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಎರಡು ಬಸ್ ಬದಲಿಸಿ ಹೋಗುವ ಅದ್ಭುತವಾದ ಸಭೆಗಿಂತ ನಡೆದು ಹೋಗಬಹುದಾದ ಸಾಧಾರಣ ಸಭೆಯಲ್ಲಿ ನೀವು ಬೇರೂರುವ ಸಾಧ್ಯತೆ ಜಾಸ್ತಿ. ವಾರದ ನಡುವೆ ಯಾರಿಗಾದರೂ ಹುಷಾರಿಲ್ಲ ಎಂದರೆ ಹೋಗಿ ನೋಡಲೂ ಆಗುತ್ತದೆ.

ಮೂರು ನಾಲ್ಕು ಸಭೆ ನೋಡಿ, ಒಂದನ್ನು ಹಿಡಿಯಿರಿ. ಈ ವಾರ ಅಲ್ಲಿ ಹಾಡು ಚೆನ್ನಾಗಿದೆ, ಮುಂದಿನ ವಾರ ಇಲ್ಲಿ ದೊಡ್ಡ ಬೋಧಕರು ಬರುತ್ತಾರೆ ಎಂದು ಸುತ್ತುತ್ತಾ ಇದ್ದರೆ ನೂರಾರು ಜನರನ್ನು ನೋಡಿರುತ್ತೀರಿ, ನಿಮ್ಮನ್ನು ಬಲ್ಲವರು ಮಾತ್ರ ಒಬ್ಬರೂ ಇರುವುದಿಲ್ಲ.

ಎಚ್ಚರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಕ್ಷಣೆ ನಮ್ಮಲ್ಲಿ ಮಾತ್ರ, ಬೇರೆ ಸಭೆಯವರೆಲ್ಲ ನಾಶಕ್ಕೆ ಹೋಗುವವರು ಎನ್ನುವ ಮುಖಂಡರು. ಅಪ್ಪ ಅಮ್ಮನ ಜೊತೆ, ಹಳೆಯ ಸ್ನೇಹಿತರ ಜೊತೆ ಮಾತು ಬಿಡಿಸುವವರು. ಗುಟ್ಟಾಗಿ ಹಣ ಕೇಳುವವರು. ಚಿಕ್ಕ ವಯಸ್ಸಿನವರಿಗೆ ರಾತ್ರಿ ಹೊತ್ತು ಒಂಟಿಯಾಗಿ ಮೆಸೇಜ್ ಮಾಡುವವರು, "ಇದು ನಮ್ಮಿಬ್ಬರಲ್ಲೇ ಇರಲಿ" ಎನ್ನುವವರು. ಇಂಥವರು ಎಷ್ಟೇ ಚೆನ್ನಾಗಿ ಪ್ರಾರ್ಥನೆ ಮಾಡಲಿ, ಅಲ್ಲಿಂದ ಎದ್ದು ಬನ್ನಿ. ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. ಕಾನೂನು ಮೀರಿದ ಕೆಲಸವಾದರೆ ಪೊಲೀಸರಿಗೆ ಹೇಳುವುದರಿಂದ ಸಭೆಯ ಹೆಸರು ಕೆಡುವುದಿಲ್ಲ. ಮುಚ್ಚಿಟ್ಟರೆ ಕೆಡುತ್ತದೆ.

ಮೊದಲ ಕೆಲವು ವಾರ

ಹತ್ತು ನಿಮಿಷ ಮೊದಲೇ ಹೋಗಿ. ಮುಗಿದ ಮೇಲೆ ಇಪ್ಪತ್ತು ನಿಮಿಷ ಇರಿ. ಇಡೀ ಲೇಖನದಲ್ಲಿ ಒಂದೇ ಸಲಹೆ ಕೊಡು ಎಂದರೆ ನಾನು ಇದನ್ನೇ ಕೊಡುವುದು. ಹಾಡಿನ ಹೊತ್ತಿಗೆ ಒಳಗೆ ನುಸುಳಿ, ಆಶೀರ್ವಾದದ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಹೊರಗೆ ಜಾರಿಕೊಂಡರೆ ವರ್ಷವಿಡೀ ಬಂದರೂ ಯಾರ ಪರಿಚಯವೂ ಆಗುವುದಿಲ್ಲ. ಆಮೇಲೆ "ಈ ಸಭೆಯಲ್ಲಿ ಯಾರೂ ಮಾತಾಡಿಸೋದೇ ಇಲ್ಲ" ಎಂಬ ದೂರು ಬೇರೆ.

ಕೆಲವು ವಾರ ಒಂದೇ ಜಾಗದಲ್ಲಿ ಕೂತುಕೊಳ್ಳಿ. ಅಕ್ಕಪಕ್ಕದವರಿಗೆ ನಿಮ್ಮ ಮುಖ ಪರಿಚಯವಾಗುತ್ತದೆ. ವಾರಕ್ಕೆ ಒಂದು ಹೆಸರು ಕಲಿಯಿರಿ, ಸಾಕು. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ, ಅವರು ಹೇಳಿದ ಒಂದು ಸಂಗತಿಯನ್ನೂ ಸೇರಿಸಿ: "ಮಗಳಿಗೆ ಜ್ವರ", "ಕೆಲಸ ಹುಡುಕುತ್ತಿದ್ದಾರೆ", "ಮೊಣಕಾಲು ನೋವು". ಮುಂದಿನ ವಾರ ಅದನ್ನೇ ಕೇಳಿ. "ಮಗಳು ಹೇಗಿದ್ದಾಳೆ ಈಗ?" ಇಷ್ಟೇ. ತನ್ನ ಮಾತನ್ನು ಒಬ್ಬರು ವಾರವಿಡೀ ನೆನಪಿಟ್ಟುಕೊಂಡರು ಎಂದು ಗೊತ್ತಾದಾಗ ಆ ಮುಖ ಹೇಗಾಗುತ್ತದೆ ಎಂದು ನೀವೇ ನೋಡಿ.

ಮಾತು ಬಾರದವರು, ನಾಚಿಕೆಯವರು ಒಂದು ಕೆಲಸ ಹಿಡಿಯಿರಿ. ಕುರ್ಚಿ ಜೋಡಿಸುವುದು, ಹಾಡಿನ ಪುಸ್ತಕ ಹಂಚುವುದು, ಮುಗಿದ ಮೇಲೆ ಕಸ ಗುಡಿಸುವುದು, ಪ್ರೊಜೆಕ್ಟರಿನಲ್ಲಿ ಹಾಡಿನ ಸಾಲು ತೋರಿಸುವುದು. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಕುರ್ಚಿ ಜೋಡಿಸುವ ಗುಂಪಿನಲ್ಲಿ ಹುಟ್ಟಿದಷ್ಟು ಸ್ನೇಹ ನಮ್ಮ ಸಭೆಯಲ್ಲಿ ಯಾವ ಕ್ಯಾಂಪಿನಲ್ಲೂ ಹುಟ್ಟಿಲ್ಲ. ಹಾಡಲು ಬರುವವರನ್ನು ಮಾತ್ರ ಮೊದಲ ವಾರವೇ ಕ್ವಾಯರಿಗೆ ಎಳೆದುಕೊಳ್ಳಬೇಡಿ ಎಂದು ಮುಖಂಡರಿಗೆ ಹೇಳುತ್ತಿರುತ್ತೇನೆ. ಮೊದಲು ಅವರು ಬಂದು ಕೂರಲಿ, ನಾಲ್ಕು ಜನರ ಪರಿಚಯವಾಗಲಿ.

ಪ್ರಸಂಗದ ಹೊತ್ತಿಗೆ ನಿದ್ದೆ ಬರುತ್ತದೆ ಎಂದು ಕೊರಗುವವರಿಗೆ: ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ಓದಿ. ತ್ರೋವ ಎಂಬ ಊರಿನಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಯೌವನಸ್ಥ ಗಾಢ ನಿದ್ದೆಗೆ ಜಾರಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲನೇ ಇಳಿದು ಹೋಗಿ ತಬ್ಬಿಕೊಂಡ. ಹುಡುಗ ಬದುಕಿದ. ಅವನನ್ನು ಯಾರಾದರೂ ಬೈದರು ಎಂದು ಬರೆದಿಲ್ಲ. ಪೌಲನಂಥವನ ಪ್ರಸಂಗದಲ್ಲೇ ಹೀಗಾಗಿದೆ ಎಂದ ಮೇಲೆ ನಮ್ಮ ಪಾಸ್ಟರುಗಳು ಬೇಸರ ಮಾಡಿಕೊಳ್ಳಬಾರದು. ನೀವು ಮಾತ್ರ ಪೆನ್ನು ಹಿಡಿದು ಕೂತುಕೊಳ್ಳಿ. ಎಲ್ಲವನ್ನೂ ಬರೆಯಬೇಡಿ. ಮನಸ್ಸಿಗೆ ತಾಗಿದ ಒಂದು ಮಾತು, ಅರ್ಥವಾಗದ ಒಂದು ಪ್ರಶ್ನೆ. ಆ ಪ್ರಶ್ನೆಯೇ ಆಮೇಲೆ ಯಾರ ಜೊತೆಗಾದರೂ ಮಾತು ಶುರುಮಾಡಲು ದಾರಿ.

ಚಿಕ್ಕ ಗುಂಪು

ದೊಡ್ಡ ಆರಾಧನೆಯಲ್ಲಿ ಕೈ ಕುಲುಕಬಹುದು. ಮನಸ್ಸು ಬಿಚ್ಚಿ ಮಾತಾಡಲು ಚಿಕ್ಕ ಗುಂಪೇ ಬೇಕು. ಇದರ ಹಿಂದೆ ಒಂದು ಸ್ವಾರಸ್ಯದ ಚರಿತ್ರೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿ ಎಂಬ ಬೋಧಕರ ಜೊತೆಗಿದ್ದ ಮೆಥೋಡಿಸ್ಟ್ ಕ್ರೈಸ್ತರಿಗೆ ಕಟ್ಟಡದ ಸಾಲ ತೀರಿಸಬೇಕಾಗಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡುವುದು ಎಂದಾಯಿತು. ಬಡವರಿಗೆ ಅದೂ ಕಷ್ಟ. ಆಗ ಒಬ್ಬರು, "ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ಅವರಿಂದ ಆಗದಿದ್ದರೆ ನಾನೇ ಕೊಡುತ್ತೇನೆ" ಎಂದರಂತೆ. ಹೀಗೆ ಹನ್ನೆರಡು ಜನರ ಗುಂಪುಗಳಾದವು. ಗುಂಪಿನ ಮುಖಂಡರು ಹಣಕ್ಕಾಗಿ ವಾರವಾರ ಮನೆಗೆ ಹೋದಾಗ ಯಾರ ಬದುಕು ಹೇಗಿದೆ ಎಂಬುದು ಕಣ್ಣಿಗೆ ಬಿತ್ತು. ಒಬ್ಬರು ಕುಡಿತಕ್ಕೆ ಬಿದ್ದಿದ್ದಾರೆ, ಇನ್ನೊಬ್ಬರ ಮನೆಯಲ್ಲಿ ಜಗಳ ಎಂಬಂಥವು ಭಾನುವಾರದ ಸಾಲಿನಲ್ಲಿ ಕೂತವರಿಗೆ ಎಲ್ಲಿ ಕಾಣುತ್ತವೆ? ಹಣ ಎತ್ತಲು ಮಾಡಿದ ಏರ್ಪಾಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ವಾರದ ಕೂಟವಾಯಿತು. ಇವತ್ತಿನ ಮನೆಕೂಟ, ಸೆಲ್ ಗ್ರೂಪ್ ಎಲ್ಲವೂ ಹೆಚ್ಚು ಕಡಿಮೆ ಇದೇ ಕೆಲಸ ಮಾಡುತ್ತವೆ.

ನಿಮ್ಮ ಸಭೆಯಲ್ಲಿ ಯೌವನಸ್ಥರ ಚಿಕ್ಕ ಗುಂಪು ಇದ್ದರೆ ಸೇರಿ. ಇಲ್ಲದಿದ್ದರೆ ಪಾಸ್ಟರಿಗೆ ಹೇಳಿ ಶುರುಮಾಡಿ. ಇಬ್ಬರಿದ್ದರೂ ಸಾಕು. ಒಬ್ಬನಿಗಿಂತ ಇಬ್ಬರು ಲೇಸು, ಒಬ್ಬನು ಬಿದ್ದರೆ ಇನ್ನೊಬ್ಬನು ಎತ್ತುವನು ಎಂದು ಪ್ರಸಂಗಿ 4ನೇ ಅಧ್ಯಾಯದಲ್ಲಿಯೇ ಇದೆಯಲ್ಲ. ಎಂಟು ಜನ ದಾಟಿದರೆ ಎರಡು ಗುಂಪು ಮಾಡಿ, ಇಲ್ಲದಿದ್ದರೆ ಮಾತಾಡುವವರೇ ಮಾತಾಡುತ್ತಾರೆ, ಸುಮ್ಮನಿರುವವರು ಸುಮ್ಮನೇ ಉಳಿಯುತ್ತಾರೆ.

ನಾವು ಮಾಡುವುದು ಹೀಗೆ. ವಾರದಲ್ಲಿ ಒಂದು ದಿನ, ಒಂದೇ ಹೊತ್ತು, ಒಂದು ಗಂಟೆ. ಮೊದಲ ಹತ್ತು ನಿಮಿಷ ಎಲ್ಲರ ಸುದ್ದಿ. ಅರ್ಧ ಗಂಟೆ ಒಂದು ಭಾಗವನ್ನು ಓದಿ ಮೂರು ಪ್ರಶ್ನೆ ಕೇಳುತ್ತೇವೆ. ಇಲ್ಲಿ ದೇವರ ಬಗ್ಗೆ ಏನು ತಿಳಿಯುತ್ತದೆ? ನನಗೆ ಯಾವುದು ಕಷ್ಟವಾಗಿ ಕಾಣುತ್ತದೆ? ಈ ವಾರ ಏನು ಮಾಡುತ್ತೇನೆ? ಉಳಿದ ಇಪ್ಪತ್ತು ನಿಮಿಷ ಪ್ರಾರ್ಥನೆ. ಪ್ರಾರ್ಥನೆಯ ಸಮಯವನ್ನು ಚರ್ಚೆ ನುಂಗಿಹಾಕುತ್ತದೆ, ಅದಕ್ಕೇ ಗಡಿಯಾರ ನೋಡುವ ಕೆಲಸ ಒಬ್ಬರಿಗೆ ಕೊಟ್ಟಿದ್ದೇವೆ. ಸುಮ್ನೆ "ನನಗಾಗಿ ಪ್ರಾರ್ಥಿಸಿ" ಎನ್ನಲು ಬಿಡುವುದಿಲ್ಲ. ಯಾವುದಕ್ಕೆ ಎಂದು ಹೇಳಬೇಕು. "ಶುಕ್ರವಾರ ಇಂಟರ್‌ವ್ಯೂ ಇದೆ", "ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ", "ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಬಿಡಲಾಗುತ್ತಿಲ್ಲ". ಈ ಕೊನೆಯಂಥ ವಿಷಯಕ್ಕೆ ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ ಕೂರುವುದು ಒಳ್ಳೆಯದು.

ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. "ಪ್ರಾರ್ಥನೆಗಾಗಿ ಹೇಳುತ್ತಿದ್ದೇನೆ" ಎಂಬ ಹೆಸರಿನಲ್ಲೂ ಹೋಗಬಾರದು. ಚಾಡಿಗೆ ಅಷ್ಟು ಒಳ್ಳೆಯ ಬಟ್ಟೆ ಇನ್ನೊಂದಿಲ್ಲ. ಆದರೆ ಒಂದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ, ಇದನ್ನು ನರ್ಸ್ ಆಗಿ ಹೇಳುತ್ತಿದ್ದೇನೆ. ಯಾರಾದರೂ ಸಾಯುವ ಮಾತಾಡಿದರೆ, ಅಥವಾ ಚಿಕ್ಕವರ ಮೇಲೆ ದೌರ್ಜನ್ಯ ಆಗುತ್ತಿದೆ ಎಂದು ಗೊತ್ತಾದರೆ, ಗುಟ್ಟು ಕಾಯಬೇಡಿ. ಪ್ರಾರ್ಥನೆ ಮಾಡಿ, ಅಲ್ಲಿಗೇ ನಿಲ್ಲಿಸಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ದೊಡ್ಡವರಿಗೆ ಹೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಗೆ ಅವರು ಹಾಗೆ ಹೇಳುವುದಿಲ್ಲ.

ವಯಸ್ಸಾದವರನ್ನು ಬಿಡಬೇಡಿ

ಯೌವನಸ್ಥರ ಗುಂಪು ಚೆನ್ನಾಗಿ ನಡೆಯುವ ಸಭೆಗಳಲ್ಲಿ ಒಂದು ತೊಂದರೆ ಇದೆ. ಯೌವನಸ್ಥರು ಅವರವರಲ್ಲೇ ಇರುತ್ತಾರೆ. ಹಿಂದಿನ ಸಾಲಿನಲ್ಲಿ ಎಲ್ಲರೂ ಇಪ್ಪತ್ತರ ಆಸುಪಾಸು, ಎಲ್ಲರಿಗೂ ಅದೇ ಗೊಂದಲ, ಅದೇ ಉತ್ತರ. ಸಮುವೇಲನ ಕಥೆ ನೆನಪಿದೆಯಾ? ದೇವರು ಕರೆದದ್ದು ಹುಡುಗನನ್ನು. ಅದು ದೇವರ ದನಿ ಎಂದು ಗುರುತು ಹಿಡಿದದ್ದು ಕಣ್ಣು ಮಂಜಾಗಿದ್ದ ಮುದುಕ ಯಾಜಕ ಏಲಿ. ಮೂರು ಸಲ ಎದ್ದು ಬಂದ ಹುಡುಗನಿಗೆ ಹೇಗೆ ಉತ್ತರ ಕೊಡಬೇಕೆಂದು ಹೇಳಿಕೊಟ್ಟದ್ದೂ ಅವನೇ. ಏಲಿಯ ಮನೆಯಲ್ಲಿ ನೂರೆಂಟು ತಪ್ಪುಗಳಿದ್ದವು, ಆದರೂ.

ಸಭೆಯಲ್ಲಿ ನಿಮಗಿಂತ ತುಂಬ ದೊಡ್ಡವರಾದ ಒಬ್ಬರನ್ನು ಹುಡುಕಿಕೊಳ್ಳಿ. ಹೇಗೆ ಎಂದರೆ, ಸುಮ್ನೆ ಹೋಗಿ ಪಕ್ಕದಲ್ಲಿ ಕೂತು, "ನೀವು ನನ್ನ ವಯಸ್ಸಿನಲ್ಲಿದ್ದಾಗ ಸಭೆ ಹೇಗಿತ್ತು?" ಎಂದು ಕೇಳಿ. ಆಮೇಲೆ ನೀವು ಮಾತಾಡಬೇಕಾಗಿಲ್ಲ! ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕಿವಿ ಮಂದ. ಪ್ರಸಂಗ ಅರ್ಧಂಬರ್ಧ ಕೇಳಿಸುತ್ತದೆ. ಆದರೆ ಯಾವ ಹುಡುಗಿಗೆ ಯಾವ ದಿನ ಯಾವ ಪರೀಕ್ಷೆ ಎಂಬುದು ಅವರ ಬೈಬಲಿನೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಪರೀಕ್ಷೆ ಮುಗಿದ ಭಾನುವಾರ ಗಟ್ಟಿ ದನಿಯಲ್ಲಿ ಎಲ್ಲರ ಮುಂದೆ, "ಏನಮ್ಮಾ, ಲೆಕ್ಕದ ಪೇಪರ್ ಹೇಗಾಯ್ತು?" ಎಂದು ವಿಚಾರಿಸುತ್ತಾರೆ. ಮುಜುಗರವಾಗುತ್ತದೆ ಎಂದು ಹುಡುಗಿಯರು ನಗುತ್ತಾರೆ. ಆದರೂ ಚೀಟಿಯಲ್ಲಿ ತಮ್ಮ ಹೆಸರು ಬರೆಸಲು ತಾವಾಗಿ ಹೋಗುತ್ತಾರೆ.

ಡ್ಯೂಟಿ, ಪರೀಕ್ಷೆ, ಮನೆಯವರು

ಭಾನುವಾರ ರಜೆ ಇರುವವರಿಗೆ ಮಾತ್ರ ಸಭೆ ಎಂದುಕೊಂಡರೆ ಚರಿತ್ರೆ ತಿಳಿದಿಲ್ಲ ಎಂದರ್ಥ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನ ಮಾಡಿದ್ದು ಕ್ರಿ.ಶ. 321ರಲ್ಲಿ. ಅದಕ್ಕೂ ಮೊದಲಿನ ಕ್ರೈಸ್ತರಿಗೆ ಅದು ಕೆಲಸದ ದಿನವೇ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಪತ್ರ ಉಳಿದಿದೆ. ಕ್ರೈಸ್ತರು ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮೊದಲೇ ಕೂಡಿ ಕ್ರಿಸ್ತನಿಗೆ ಹಾಡುತ್ತಾರೆ ಎಂದು ಅದರಲ್ಲಿದೆ. ಅವರಲ್ಲಿ ಗುಲಾಮರೂ ಇದ್ದರು. ಬೆಳಕು ಹರಿದ ಮೇಲೆ ದುಡಿಮೆ. ಅಂದರೆ ನೈಟ್ ಶಿಫ್ಟಿನವರ, ಅಂಗಡಿ ಕೆಲಸದವರ ಕಷ್ಟ ಸಭೆಗೆ ಹೊಸದಲ್ಲ. (ಕಾನ್‌ಸ್ಟಂಟೈನನ ಆಜ್ಞೆಯಲ್ಲೂ ಹೊಲದ ಕೆಲಸಕ್ಕೆ ವಿನಾಯಿತಿ ಇತ್ತು. ಬೆಳೆ ಕಾಯುವುದಿಲ್ಲ. ರೋಗಿಗಳೂ ಕಾಯುವುದಿಲ್ಲ.)

ಡ್ಯೂಟಿ ಪಟ್ಟಿ ಬಂದ ದಿನವೇ ನಾನು ಆ ತಿಂಗಳ ಭಾನುವಾರಗಳನ್ನು ನೋಡಿಬಿಡುತ್ತೇನೆ. ಬದಲಾಯಿಸಿಕೊಳ್ಳಬಹುದಾದದ್ದನ್ನು ಬದಲಾಯಿಸಿಕೊಳ್ಳುತ್ತೇನೆ, ಬದಲಿಗೆ ಇನ್ನೊಬ್ಬರ ಹಬ್ಬಕ್ಕೆ ನಾನು ಡ್ಯೂಟಿ ಮಾಡುತ್ತೇನೆ. ಆಗದಿದ್ದರೆ ವಾರದ ನಡುವಿನ ಮನೆಕೂಟಕ್ಕೆ ಹೋಗುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು, ಬರಲಾಗದಿದ್ದರೆ ಮೊದಲೇ ಒಬ್ಬರಿಗೆ ಹೇಳುವುದು. "ಈ ವಾರ ಡ್ಯೂಟಿ, ಬರಲ್ಲ. ಪ್ರಾರ್ಥನೆ ಮಾಡಿ." ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನ್ ಎಂಬ ಕ್ರೈಸ್ತ ಬರಹಗಾರ ಭಾನುವಾರದ ಕೂಟವನ್ನು ವರ್ಣಿಸುತ್ತಾ, ಬರಲಾಗದವರಿಗೆ ರೊಟ್ಟಿ ದ್ರಾಕ್ಷಾರಸದ ಪಾಲನ್ನು ಸಭಾಸೇವಕರು ಒಯ್ದು ಕೊಡುತ್ತಿದ್ದರು ಎಂದು ಹೇಳುತ್ತಾನೆ. ಬರಲಾಗದವರು ಯಾರು ಎಂದು ಗೊತ್ತಿದ್ದರೆ ತಾನೇ ಪಾಲು ಒಯ್ಯುವುದು? ಬಾರದ ದಿನವೂ ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವ ಜನ ಇರಬೇಕು. ಅವರಿಗೆ ಸುದ್ದಿ ಕೊಡುವ ಜವಾಬ್ದಾರಿ ನಿಮ್ಮದು. ರಾತ್ರಿ ಪಾಳಿ ಮುಗಿಸಿದವರು ಮಾತ್ರ ಗಾಡಿ ಓಡಿಸಿಕೊಂಡು ನೇರವಾಗಿ ಆರಾಧನೆಗೆ ಬರಬೇಡಿ. ಯಾರನ್ನಾದರೂ ಕರೆದುಕೊಂಡು ಹೋಗಲು ಹೇಳಿ, ಇಲ್ಲವೇ ಮಲಗಿ.

ಪರೀಕ್ಷೆ ಇದ್ದಾಗ ಕ್ವಾಯರ್ ಪ್ರಾಕ್ಟೀಸ್, ನಾಟಕದ ರಿಹರ್ಸಲ್, ಮೀಟಿಂಗ್ ಎಲ್ಲವನ್ನೂ ಬಿಡಿ. ಆರಾಧನೆಯೊಂದನ್ನು ಬಿಡಬೇಡಿ. ಎರಡು ಗಂಟೆಯಲ್ಲಿ ರ‍್ಯಾಂಕ್ ತಪ್ಪುವುದಿಲ್ಲ. "ಪರೀಕ್ಷೆ ಮುಗಿದ ಮೇಲೆ ಬರ್ತೀನಿ" ಎಂದವರಲ್ಲಿ ಕೆಲವರಿಗೆ ಪರೀಕ್ಷೆಗಳು ಮುಗಿಯುವುದೇ ಇಲ್ಲ. ಇದು ಮುಗಿದರೆ ಎಂಟ್ರೆನ್ಸ್, ಅದು ಮುಗಿದರೆ ಇಂಟರ್‌ವ್ಯೂ, ಆಮೇಲೆ ಪ್ರೊಬೇಷನ್.

ಮನೆಯವರಿಗೆ ಇಷ್ಟವಿಲ್ಲದೆ ಬರುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಸ್ವಲ್ಪವೇ. ಸುಳ್ಳು ಹೇಳಿ ಬರಬೇಡಿ. ಚಿಕ್ಕ ವಯಸ್ಸಿನವರಾಗಿದ್ದರೆ ಅಪ್ಪ ಅಮ್ಮನ ಮಾತು ಮೀರಬೇಡಿ. ಮನೆಯ ಕೆಲಸದಲ್ಲಿ ಮೊದಲಿಗಿಂತ ಜಾಸ್ತಿ ಕೈ ಹಾಕಿ. ಬರಲಾಗದ ವಾರಗಳಲ್ಲಿ ಸಭೆಯ ಒಬ್ಬರು ನಿಮ್ಮ ಜೊತೆ ಫೋನಿನಲ್ಲಿ ಮಾತಾಡುವಂತೆ ಏರ್ಪಾಡು ಮಾಡಿಕೊಳ್ಳಿ.

ಆನ್‌ಲೈನ್ ಆರಾಧನೆಯ ಬಗ್ಗೆ ಕೇಳುತ್ತೀರಿ. ಹಾಸಿಗೆ ಹಿಡಿದವರಿಗೆ, ದೂರದಲ್ಲಿ ಒಂಟಿಯಾಗಿರುವವರಿಗೆ ಅದು ದೊಡ್ಡ ಉಪಕಾರ. ಆರೋಗ್ಯವಾಗಿದ್ದು, ಸಭೆ ಹತ್ತಿರದಲ್ಲಿದ್ದು, ಸೋಫಾದಲ್ಲಿ ಕೂತು ನೋಡುವುದು ಬೇರೆ ವಿಷಯ. ಆ ಪರದೆಗೆ ನಿಮ್ಮ ಕಣ್ಣು ಊದಿಕೊಂಡಿರುವುದು ಕಾಣುವುದಿಲ್ಲ.

ಮನಸ್ಸು ನೊಂದಾಗ

ಸಭೆಯಲ್ಲಿ ಇದ್ದರೆ ನೋವು ಆಗಿಯೇ ಆಗುತ್ತದೆ. ಮೊದಲ ಸಭೆಯಲ್ಲೂ ಹಾಗೇ. ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ಗ್ರೀಕ್ ಮಾತಾಡುವ ಶಿಷ್ಯರ ಗೊಣಗಾಟ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯಕ್ಕೇ ಬರುತ್ತದೆ. 15ನೇ ಅಧ್ಯಾಯದಲ್ಲಿ ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯುವ ವಿಷಯಕ್ಕೆ ಪೌಲನೂ ಅವನ ಜೊತೆ ಸೇವೆ ಮಾಡುತ್ತಿದ್ದ ಬಾರ್ನಬನೂ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಆದರೆ ಎಷ್ಟೋ ವರ್ಷದ ಮೇಲೆ ಸೆರೆಯಿಂದ ಬರೆದ ಪತ್ರದಲ್ಲಿ ಪೌಲನು ಅದೇ ಮಾರ್ಕನನ್ನು ಕರೆದುಕೊಂಡು ಬಾ ಎಂದು ತಿಮೊಥೆಯನಿಗೆ ಹೇಳುತ್ತಾನೆ.

ಯಾರಾದರೂ ಮನಸ್ಸು ನೋಯಿಸಿದರೆ ಮತ್ತಾಯ 18:15 ಹೇಳುವ ದಾರಿ ಇದೆ. ಮೊದಲು ಅವರೊಬ್ಬರ ಹತ್ತಿರವೇ ಹೋಗಿ ಮಾತಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಅಲ್ಲ, ಸ್ಟೇಟಸ್ಸಿನಲ್ಲಿ ವಚನ ಹಾಕಿ ಚುಚ್ಚುವುದೂ ಅಲ್ಲ. "ಹೋದ ವಾರ ನೀವು ಹೇಳಿದ ಮಾತು ನನಗೆ ನೋವಾಯ್ತು" ಎಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ. ಇದು ಸಾಮಾನ್ಯ ಮನಸ್ತಾಪದ ಮಾತು. ಮೇಲೆ ಹೇಳಿದ ದೌರ್ಜನ್ಯದಂಥ ವಿಷಯಕ್ಕೆ ಯಾರೂ ಒಂಟಿಯಾಗಿ ಹೋಗಿ ಮಾತಾಡಬೇಕಾಗಿಲ್ಲ.

ತಪ್ಪಿಸಿಕೊಂಡವರು ವಾಪಸ್ ಬರುವುದು

ಮೂರು ವಾರ ತಪ್ಪಿದರೆ ನಾಲ್ಕನೆಯ ವಾರ ಬರಲು ಸಂಕೋಚವಾಗುತ್ತದೆ. ಮೂರು ತಿಂಗಳಾದರೆ ಬಾಗಿಲು ಬಹಳ ಭಾರವಾಗುತ್ತದೆ. ಹಾಗಾದವರು ಎಲ್ಲರನ್ನೂ ಎದುರಿಸುವ ಯೋಚನೆ ಬಿಡಿ. ಒಬ್ಬರಿಗೆ ಮೆಸೇಜ್ ಹಾಕಿ: "ಈ ಭಾನುವಾರ ಬರ್ತಾ ಇದೀನಿ. ಗೇಟಿನ ಹತ್ತಿರ ಸಿಗ್ತೀರಾ? ಜೊತೆಗೆ ಒಳಗೆ ಹೋಗೋಣ." ಯಾಕೆ ಬಂದಿರಲಿಲ್ಲ ಎಂದು ಎಲ್ಲರಿಗೂ ವಿವರಿಸುವ ಅಗತ್ಯ ಇಲ್ಲ. ಸಭೆಯನ್ನು ಹಿಂಸಿಸುತ್ತಿದ್ದ ಸೌಲನನ್ನು (ಇವನೇ ಪೌಲ) ಕಂಡರೆ ಯೆರೂಸಲೇಮಿನ ಶಿಷ್ಯರು ಹೆದರಿ ದೂರವಿಟ್ಟಾಗ ಬಾರ್ನಬನೊಬ್ಬನು ಅವನನ್ನು ಜೊತೆಗೆ ಕರೆದುಕೊಂಡು ಹೋದ. ಒಬ್ಬರು ಸಾಕಾಗುತ್ತದೆ.

ಒಳಗೆ ಕೂತಿರುವ ನಾವು ಕಲಿಯಬೇಕಾದದ್ದು ಇನ್ನೂ ಜಾಸ್ತಿ. "ಓಹೋ, ದಾರಿ ತಪ್ಪಿ ಬಂದ್ರಾ?" ಎಂಬ ಜೋಕು ಬೇಡ. ಅದನ್ನು ಹೇಳುವವರಿಗೆ ಪ್ರೀತಿ, ಕೇಳುವವರಿಗೆ ಏಟು. "ಬಂದಿದ್ದು ತುಂಬ ಖುಷಿ, ಇಲ್ಲೇ ಕೂತ್ಕೊಳ್ಳಿ" ಎಂದು ಪಕ್ಕಕ್ಕೆ ಸರಿದರೆ ಆಯಿತು.

ನಮ್ಮ ಕೂಟದಲ್ಲಿ ಒಂದು ಒಪ್ಪಂದ ಇದೆ. ಹೇಳದೆ ಕೇಳದೆ ಯಾರಾದರೂ ಎರಡು ಭಾನುವಾರ ಕಾಣದಿದ್ದರೆ ಆ ವಾರವೇ ಫೋನ್ ಮಾಡಬೇಕು. "ಯಾಕೆ ಬರಲಿಲ್ಲ" ಎಂದು ಶುರುಮಾಡಬಾರದು, "ಹೇಗಿದ್ದೀಯಾ" ಎಂದು ಶುರುಮಾಡಬೇಕು. ಫೋನ್ ತೆಗೆಯದಿದ್ದರೆ ಒಂದು ಮೆಸೇಜ್. ಅದಕ್ಕೂ ಉತ್ತರ ಇಲ್ಲದಿದ್ದರೆ ಇಬ್ಬರು ಮನೆಗೆ ಹೋಗಬೇಕು, ಮನೆಯವರಿಗೆ ಮೊದಲೇ ತಿಳಿಸಿ. ಗುಂಪಾಗಿ ಹೋಗಬಾರದು, ಗಾಬರಿಯಾಗುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಕೂರಬಾರದು. ಅವರು ಬೇಡ ಎನ್ನದಿದ್ದರೆ ಹೊರಡುವ ಮೊದಲು ಚಿಕ್ಕದಾಗಿ ಪ್ರಾರ್ಥನೆ ಮಾಡಿ, ಮುಂದಿನ ಕೂಟದ ದಿನ ಮತ್ತು ಹೊತ್ತು ಹೇಳಿ ಬರಬೇಕು.